ಎಡಗಾಲಿನ ಪಾತ್ರ

ಆಗಸ್ಟ್ ೯

ನನ್ನ ಕೋಟೆ ಬಾಗಿಲಿನ ಅಗುಳಿಯೇ, ಎದುರಾಳಿಗಳ ಎದೆನಡುಕವೇ, ಫೋನು ಎತ್ತದ ಮಗನೇ,

ಬಾರಿಸು ನಗಾರಿ! ನಿನ್ನಪ್ಪ ರಂಗಕ್ಕೆ ಬಂದಿದ್ದಾನೆ. ಗಂಟಲಿನ ಡಾಕ್ಟರು ನನ್ನ ದನಿಯನ್ನು ಕೊಯ್ದು ತಟ್ಟೆಯಲ್ಲಿಟ್ಟದ್ದು ನಿಜ, ಆದರೆ ಕೈಯನ್ನು ಬಿಟ್ಟಿದ್ದಾರೆ. ಫೋನಿನಲ್ಲಿ ನನ್ನಿಂದ ಹೊರಡುವುದು ಪಂಕ್ಚರಾದ ಟೈರಿನ ಸದ್ದು. ನೀನು "ಹಲೋ ಹಲೋ" ಎನ್ನುವುದು, ನಾನು "ಹಸ್ ಹಸ್" ಎನ್ನುವುದು, ನಡುವೆ ನಿನ್ನಕ್ಕ ನಿಂತು ದುಭಾಷಿ ಕೆಲಸ ಮಾಡುವುದು. ಸಾಕು! ಕೊನೆಯ ಬೆಂಚಿನ ಕಿವುಡಜ್ಜನಿಗೂ ಮೈಕಿಲ್ಲದೆ ಮಾತು ಮುಟ್ಟಿಸಿದವನು ನಾನು. ಇನ್ನು ಮೇಲೆ ಕಾಗದದ ಮೇಲೆ ಗುಡುಗುತ್ತೇನೆ. ಮೊಬೈಲಿನಲ್ಲಿ ಟೈಪ್ ಮಾಡಪ್ಪ ಎನ್ನುತ್ತಾಳೆ ಅಕ್ಕ. ಹೆಬ್ಬೆರಳಿನಲ್ಲಿ ಯಾರಾದರೂ ಗುಡುಗುತ್ತಾರೆಯೇ?

ಮೊನ್ನೆಯ ಫುಟ್‌ಬಾಲ್ ಪಂದ್ಯ ನೋಡಿದೆವು. ಈ ಟೀವಿಯವರಿಗೆ ರಂಗದ ಗಂಧವೇ ಇಲ್ಲ. ಚೆಂಡು ಹೋದಲ್ಲಿಗೆ ಕ್ಯಾಮೆರಾ ಓಡುತ್ತದೆ. ನೀನು ಚೆಂಡಿಲ್ಲದ ಕಡೆ ನಿಂತು ಕೈ ಚಾಚಿ, ಒಬ್ಬನನ್ನು ಹಿಂದಕ್ಕೆಳೆದು, ಇನ್ನೊಬ್ಬನನ್ನು ಮುಂದಕ್ಕೆ ತಳ್ಳಿ ಕಟ್ಟುತ್ತೀಯಲ್ಲ ಆ ಸಾಲು, ಅದನ್ನು ತೋರಿಸುವ ಪುಣ್ಯಾತ್ಮನಿಲ್ಲ. ಡಿಫೆಂಡರ್‌ನ ಮುಖ ಪರದೆ ತುಂಬ ಬರುವುದು ಅವನ ಕಡೆಯ ಬಲೆಗೆ ಗೋಲು ಬಿದ್ದಾಗ ಮಾತ್ರ. ಮಗನ ಮುಖ ಕಾಣದಿರಲಪ್ಪಾ ಎಂದು ಬೇಡಿಕೊಳ್ಳುವ ತಂದೆ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು!

ಆದರೆ ಒಂದು ಮಾತು. ಆಟ ಮುಗಿದು ನೀವೆಲ್ಲ ಮೆಟ್ಟಿಲಿಳಿದು ಒಳಗೆ ಹೋಗುವಾಗ, ನೀನು ಎಡಗಾಲನ್ನು ಬಲಗಾಲಿನ ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ಮುಂದಿನ ಮೆಟ್ಟಿಲಿಗಿಳಿದೆ. ಅಕ್ಕನಿಗೆ ಕಾಣಲಿಲ್ಲ. ಹಾಳು ಟೀವಿಯವನಿಗಂತೂ ಇಲ್ಲವೇ ಇಲ್ಲ. ನಾನು ಅನ್ನ ತಿಂದದ್ದೇ ನಡಿಗೆಗಳಿಂದ. ರಾಜನದೊಂದು ನಡಿಗೆ, ಕುಡುಕನದೊಂದು, ಬೆನ್ನಿಗೆ ಚೂರಿ ಬಿದ್ದವನದೊಂದು. ಆ ಎಡಗಾಲು ಏನು ಹೇಳುತ್ತಿದೆ? ಬರೆ.

ದನಿ ಹೋದರೂ ದರ್ಪ ಹೋಗದ,
ನಿನ್ನ ಅಪ್ಪ


ಆಗಸ್ಟ್ ೨೮

ಅಪ್ಪ,

ನಿನ್ನ ಕಾಗದ ಡ್ರೆಸ್ಸಿಂಗ್ ರೂಮಿಗೇ ಬಂತು. ನನ್ನ ಜೊತೆ ಮನೆ ಹಂಚಿಕೊಂಡಿರುವ ಗೋಲ್‌ಕೀಪರ್ ಅದನ್ನು ಬಿಡಿಸಿ, ನಮ್ಮ ಭಾಷೆ ಬಾರದ್ದರಿಂದ ಅಕ್ಷರಗಳ ಗಾತ್ರ ಮಾತ್ರ ನೋಡಿ, "ನಿಮ್ಮಪ್ಪ ಕೋಪದಲ್ಲಿದಾರಾ?" ಎಂದ. ಇಲ್ಲ ಕಣೋ, ಖುಷಿಯಾದರೂ ಇದೇ ಗಾತ್ರ ಎಂದೆ.

ನಿನ್ನ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಮಂಡಿ ಹೋಗಿದೆ ಅಪ್ಪ. ಜೂನ್‌ನಲ್ಲಿ ಅಭ್ಯಾಸದ ಹೊತ್ತು ಮೂಲೆಯಿಂದ ಒದ್ದ ಕಾರ್ನರ್ ಚೆಂಡಿಗೆ ಜಿಗಿದು ತಲೆ ಕೊಟ್ಟು ಕೆಳಗಿಳಿದಾಗ ಒಳಗೆ ಏನೋ ಟಕ್ ಎಂದಿತು. ನೇರ ಓಡಿದರೆ ತೊಂದರೆಯಿಲ್ಲ. ತಿರುಗಿದರೆ ಜೀವ ಹೋಗುತ್ತದೆ. ನಮ್ಮ ಕೆಲಸವೇ ತಿರುಗುವುದು. ಎದುರಿನವನು ಮುಂದಕ್ಕೆ ಓಡುತ್ತಾನೆ, ನಾವು ಅವನ ಮುಖ ನೋಡಿಕೊಂಡು ಹಿಂದಕ್ಕೆ ಓಡಬೇಕು, ಅವನು ಸೊಂಟ ತಿರುಗಿಸಿದ ಕ್ಷಣಕ್ಕೆ ನಾವೂ ತಿರುಗಬೇಕು.

ಇಲ್ಲಿ ಯಾರಿಗೂ ಹೇಳಿಲ್ಲ. ನನ್ನ ಒಪ್ಪಂದ ಈ ಸೀಸನ್‌ಗೆ ಮುಗಿಯುತ್ತದೆ. ನಮ್ಮ ಕೋಚ್ (ಕತ್ತಿನ ಶಿಳ್ಳೆ ಸ್ನಾನ ಮಾಡುವಾಗಲೂ ತೆಗೆಯುವುದಿಲ್ಲವಂತೆ, ಅದಕ್ಕೆ ನಾವೆಲ್ಲ ಶಿಳ್ಳೆ ಮೇಷ್ಟ್ರು ಎನ್ನುತ್ತೇವೆ) ಯಾರನ್ನು ಇಟ್ಟುಕೊಳ್ಳುವುದು ಎಂದು ಫೆಬ್ರವರಿ ಕೊನೆಗೆ ಹೇಳುತ್ತಾರೆ. ನನ್ನ ಜಾಗಕ್ಕೆ ಎಂದೇ ಒಬ್ಬ ಯುವಕನನ್ನು ಪರೀಕ್ಷೆಗೆ ಕರೆಸಿದ್ದಾರೆ. ನನ್ನೆದುರಿನ ಕಪಾಟು ಅವನದು. ದಿನಾ ನಮಸ್ಕಾರ ಹೇಳುತ್ತಾನೆ, ಒಳ್ಳೆಯವನು, ಅದೇ ಕಷ್ಟ. ಆಪರೇಷನ್ ಎಂದರೆ ವರ್ಷವೇ ಹೋಯಿತು. ನನಗೆ ಮೂವತ್ತೊಂದು. ನಮ್ಮ ಊರ ಕಡೆಯಿಂದ ಬಂದ ಡಿಫೆಂಡರ್ ಎಂದರೆ ಈ ದೂರದ ನಾಡಿನಲ್ಲಿ ಮೊದಲು ನಗುತ್ತಾರೆ, ಆಮೇಲೆ ಆಟ ನೋಡುತ್ತಾರೆ. ಇನ್ನೊಮ್ಮೆ ನೋಡುವವರು ಯಾರೂ ಸಿಗುವುದಿಲ್ಲ. ಇದು ಬಿಟ್ಟು ನನಗೆ ಬೇರೆ ಏನು ಬರುತ್ತದೆ, ನೀನೇ ಹೇಳು.

ನೀನು ಪಾದ ಮುರಿದುಕೊಂಡು ಮಿಕ್ಕ ನಾಟಕವನ್ನು ಆಡಿ ಮುಗಿಸಿದ್ದೆಯಲ್ಲ. ನೋಡುವವರಿಗೆ ಗೊತ್ತೇ ಆಗಲಿಲ್ಲವಂತಲ್ಲ. ಹೇಗೆ ಮಾಡಿದೆ? ಬರೆದು ಕಳಿಸು.

ಅಕ್ಕನಿಗೆ ಹೇಳಬೇಡ.

ನಿನ್ನ ಅಗುಳಿ


ಸೆಪ್ಟೆಂಬರ್ ೧೪

ಮಗನೇ, ಅಲ್ಲ, ಶಿಷ್ಯನೇ!

ಕೊನೆಗೂ ಬಂದೆಯಾ? ಚಿಕ್ಕವನಿದ್ದಾಗ "ಒಂದು ಸಣ್ಣ ಪಾತ್ರ ಮಾಡೋ ರಾಜಾ" ಎಂದು ಅಂಗಲಾಚಿದರೆ ಚೆಂಡು ಎತ್ತಿಕೊಂಡು ಓಡಿಹೋಗುತ್ತಿದ್ದೆ. ಈಗ ತಾನಾಗಿ ಬಂದು ಕಲಿಸು ಎನ್ನುತ್ತಿದ್ದೀಯ. ನನಗೆ ದುಃಖವಾಗಬೇಕು. ಆಗುತ್ತಲೂ ಇದೆ. ಆದರೆ ಸುಳ್ಳೇಕೆ, ಪೆನ್ನು ಹಿಡಿದ ಕೈ ಕುಣಿಯುತ್ತಿದೆ. ದನಿ ಹೋದ ಮೇಲೆ ನಾಟಕ ಕಂಪನಿಯಲ್ಲಿ ನನ್ನನ್ನು ಉಡುಪಿನ ಕೋಣೆಗೆ ಹಾಕಿದ್ದಾರೆ. ಬೇರೆಯವರು ತೊಡುವ ಕಿರೀಟಕ್ಕೆ ಬಣ್ಣ ಬಳಿದು, ಬೇರೆಯವರ ಕೋಟಿಗೆ ಗುಂಡಿ ಹೊಲಿಯುತ್ತಿದ್ದೇನೆ. ನನ್ನನ್ನು ಯಾರಾದರೂ ಏನಾದರೂ ಕೇಳಿ ಎಷ್ಟು ಕಾಲವಾಯಿತು!

ಕೇಳು. ಎಲ್ಲರೂ ನೋಯುವ ಕಾಲನ್ನು ಸರಿಯಾಗಿ ನಡೆಸಲು ಹೋಗಿ ಸಿಕ್ಕಿಬೀಳುತ್ತಾರೆ. ಅದು ನಿನ್ನ ಮಾತು ಕೇಳುವುದಿಲ್ಲ, ಅದನ್ನು ಅದರ ಪಾಡಿಗೆ ಬಿಡು. ಚೆನ್ನಾಗಿರುವ ಕಾಲನ್ನು ನಿಧಾನ ಮಾಡು. ಒಂದು ಸೋಮಾರಿಯಾದರೆ ಕುಂಟು, ಎರಡೂ ಸೋಮಾರಿಯಾದರೆ ಠೀವಿ! ರಾಜರು ಯಾಕೆ ಅಷ್ಟು ನಿಧಾನ ನಡೆಯುತ್ತಾರೆಂದು ಈಗ ತಿಳಿಯಿತೇ?

ಮಂಡಿಯನ್ನು ನೋಡಬೇಡ, ಮುಟ್ಟಬೇಡ. ನೋಡುವವರ ಕಣ್ಣು ನಟನ ಕಣ್ಣಿನ ಬೆನ್ನು ಹತ್ತಿ ಹೋಗುತ್ತದೆ. ಮೆಟ್ಟಿಲು ಬಂತೋ, ಪಕ್ಕದವನಿಗೆ ಒಂದು ಚಟಾಕಿ ಹಾರಿಸು. ನಗುತ್ತಿರುವವನು ಯಾರ ಕಾಲನ್ನೂ ನೋಡುವುದಿಲ್ಲ. ಅಕಸ್ಮಾತ್ ಬಿದ್ದೆಯೋ, ನಕ್ಕುಬಿಡು. ಬಿದ್ದವನು ನಕ್ಕರೆ ಬಿದ್ದದ್ದೂ ಆಟದ ಭಾಗವೇ ಆಗಿಬಿಡುತ್ತದೆ.

ಇನ್ನು ನಿಮ್ಮ ಮೈ ನೋಡುವ ಆ ಫಿಸಿಯೋ. ಅವನಿಗೆ ಏನೂ ನೋವಿಲ್ಲ ಎಂದೀಯೆ ಜೋಕೆ! ಏನೂ ಇಲ್ಲವೆಂದರೆ ಹುಡುಕುತ್ತಾನೆ. ಅವನ ಕೈಗೆ ಬೇರೊಂದು ನೋವು ಕೊಡು. ಬಲ ಭುಜ ಎನ್ನು. ತೋಳೆತ್ತುವಾಗ ಉಸಿರು ಹಿಡಿ, ಮುಖ ಕಿವುಚಬೇಡ, ಕಿವುಚಲು ಹೋಗಿ ತಡೆದವನಂತೆ ಮಾಡು. ಒಂದು ಸಿಕ್ಕ ಮೇಲೆ ಯಾರೂ ಇನ್ನೊಂದನ್ನು ಹುಡುಕುವುದಿಲ್ಲ.

ಫೆಬ್ರವರಿಯವರೆಗೆ ತಾನೆ? ದಾಟಿಸಿಬಿಡೋಣ!

ನಿನ್ನ ನಿರ್ದೇಶಕ,
ಅಪ್ಪ


ಅಕ್ಟೋಬರ್ ೩೦

ಅಪ್ಪ,

ಗೆದ್ದೆವು! ಪಂದ್ಯದ ಮಾತಲ್ಲ, ಪಂದ್ಯ ಸೋತೆವು.

ನಮ್ಮ ಫಿಸಿಯೋ ಎಲ್ಲರನ್ನೂ ಸಾಲಾಗಿ ಮಲಗಿಸಿ ತಪಾಸಣೆ ಮಾಡಿದರು. "ನಿಂಗೆಲ್ಲಿ ನೋವು?" ಎಂದರು. ಭುಜ ಎಂದೆ. "ಡಿಫೆಂಡರ್‌ಗೆ ಭುಜ ನೋವಾ? ಕೈಯಲ್ಲಿ ಆಡ್ತಿದೀಯೇನಯ್ಯಾ?" "ಇವರನ್ನೆಲ್ಲಾ ಹೊತ್ತೂ ಹೊತ್ತೂ ಹೀಗಾಗಿದೆ ಸರ್" ಎಂದೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಅವರೂ ನಗುತ್ತಲೇ ಭುಜಕ್ಕೆ ನೀಲಿ ಪಟ್ಟಿ ಅಂಟಿಸಿ, ಮಂಜುಗಡ್ಡೆ ಕಟ್ಟಿ, ಮುಂದಿನವನ ಹತ್ತಿರ ಹೋದರು. ಈಗ ದಿನಾ ಭುಜಕ್ಕೆ ಶುಶ್ರೂಷೆ. ಅಷ್ಟು ಚೆನ್ನಾಗಿರುವ ಭುಜ ಈ ಪಟ್ಟಣದಲ್ಲೇ ಇನ್ನೊಂದಿಲ್ಲ.

ಶಿಳ್ಳೆ ಮೇಷ್ಟ್ರು ಎಲ್ಲರೆದುರು, "ಕಲೀರೋ ಇವನನ್ನ ನೋಡಿ. ತೋಳು ಬಿದ್ದೋದ್ರೂ ಓಡ್ತಾನೆ. ನೀವು ಉಗುರು ಮುರಿದ್ರೆ ಅಮ್ಮಾ ಅಂತೀರ" ಎಂದರು. ನನ್ನೆದುರಿನ ಕಪಾಟು ಹೋದ ವಾರ ಖಾಲಿಯಾಯಿತು. ಹೋಗುವಾಗ ಆ ಯುವಕ ಕೈ ಕುಲುಕಿದ. ನಾನು ನೋವಾದವನಂತೆ ಬಲ ಭುಜವನ್ನು ಸ್ವಲ್ಪ ಹಿಡಿದೆ. ಅವನು ಪಾಪ ಸಾರಿ ಹೇಳಿದ.

ಈಗ ನಾನು ತಿರುಗುವುದನ್ನೇ ಬಿಟ್ಟಿದ್ದೇನೆ. ಎದುರಿನವನು ಎಲ್ಲಿ ತಿರುಗಬಹುದು ಎಂದು ಮೊದಲೇ ಊಹಿಸಿ ಅಲ್ಲಿ ಹೋಗಿ ನಿಂತಿರುತ್ತೇನೆ. ಪತ್ರಿಕೆಯವರು ಅದನ್ನು ಅನುಭವ ಎಂದು ಬರೆದಿದ್ದಾರೆ. ಬೂಟಿನ ಲೇಸು ಮಾತ್ರ ಕೀಪರ್ ಕಟ್ಟುತ್ತಾನೆ, ಅಷ್ಟು ಬಗ್ಗಲು ಆಗುವುದಿಲ್ಲ. ಅವನು ಏನೂ ಕೇಳುವುದಿಲ್ಲ. "ಮಗಳಿಗೆ ಕಟ್ಟಿ ಕಟ್ಟಿ ಅಭ್ಯಾಸ ಆಗಿದೆ, ಕಾಲು ಕೊಡು" ಎನ್ನುತ್ತಾನೆ.

ನಿನ್ನ ಶಿಷ್ಯ,
ಅಗುಳಿ


ಡಿಸೆಂಬರ್ ೩

ಲೋ ಅಗುಳಿ,

ನನಗೇ ಮಂಕುಬೂದಿ ಎರಚುತ್ತೀರಾ ಅಪ್ಪ ಮಗ ಸೇರಿಕೊಂಡು? ಟೈಲರಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಟ್ಟೆ ಕತ್ತರಿಸುವವಳು ನಾನು. ಯಾರ ಯಾವ ತೋಳು ಗಿಡ್ಡ ಎಂದು ಬಾಗಿಲಲ್ಲೇ ಹೇಳುತ್ತೇನೆ. ಮನೆಗೆ ಬಂದರೆ ಅಪ್ಪ ಬೀರುವಿನ ಕನ್ನಡಿ ಮುಂದೆ ಎಡಗಾಲು ಸೆಟೆಸಿಕೊಂಡು ಆ ಕಡೆಯಿಂದ ಈ ಕಡೆ ನಡೆಯುತ್ತಿದ್ದಾನೆ. "ಏನಾಯ್ತಪ್ಪ ಕಾಲಿಗೆ?" ಎಂದೆ. ಸ್ಲೇಟಿನ ಮೇಲೆ "ಪಾತ್ರ" ಎಂದು ಬರೆದ. "ಯಾವ ನಾಟಕದ್ದು?" ಎಂದೆ. ಒರೆಸಿಬಿಟ್ಟ. ಅವನು ಸ್ನಾನಕ್ಕೆ ಹೋದಾಗ ನಿನ್ನ ಕಾಗದಗಳನ್ನು ಓದಿದೆ. ಬೈಯುವುದಾದರೆ ಬೈಕೋ.

ಅವನು ಪಾದ ಮುರಿದುಕೊಂಡು ಆಡಿದ ಕಥೆ ನಿನಗೆ ಅರ್ಧ ಗೊತ್ತು. ನೀನಾಗ ತೊಟ್ಟಿಲಲ್ಲಿದ್ದೆ. ಪರದೆ ಬಿದ್ದ ಮೇಲೆ ಅವನನ್ನು ನಾಲ್ಕು ಜನ ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಮಳೆಗಾಲ ಪೂರ್ತಿ ಗೋಡೆ ನೋಡಿಕೊಂಡು ಮಲಗಿದ್ದ. ಅವನಿಗೊಂದು ಪರದೆ ಇತ್ತು ಕಣೋ, ಅದು ಹೇಳಿದ ಹೊತ್ತಿಗೆ ಬಿತ್ತು. ನಿನಗೆಲ್ಲಿದೆ? ಇನ್ನೂ ಒಂದು ಮಾತು. ಅವನ ಮೇಲೆ ಕತ್ತಿ ಎತ್ತಿಕೊಂಡು ಬರುತ್ತಿದ್ದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ನಿನ್ನೆದುರು ಓಡಿಬರುವವನು ನಾಟಕ ಮಾಡುತ್ತಿಲ್ಲ.

ನಾಳೆಯೇ ಡಾಕ್ಟರಿಗೆ ಹೇಳು. ಕೆಲಸ ಹೋದರೆ ಹೋಗಲಿ. ಮೂರು ಜನ ಉಣ್ಣುವಷ್ಟು ನಾನು ಕತ್ತರಿಸುತ್ತೇನೆ.

ನಿನ್ನ ಅಕ್ಕ


ಜನವರಿ ೧೧

ಅಕ್ಕ,

ಫೆಬ್ರವರಿ ಕೊನೆಯವರೆಗೆ ಮಾತ್ರ. ಒಪ್ಪಂದಕ್ಕೆ ಸಹಿ ಬಿದ್ದ ಮರುದಿನವೇ ಡಾಕ್ಟರ ಹತ್ತಿರ ಹೋಗುತ್ತೇನೆ. ನಿನ್ನಾಣೆ.

ಅಪ್ಪನಿಗೆ ಬೈಯಬೇಡ. ಕೇಳಿದವನು ನಾನು.

ತಮ್ಮ


ಫೆಬ್ರವರಿ ೨೦

ಮಗನೇ,

ನೋಡಿದೆವು.

ಮೊದಲ ಸಲ ಬಿದ್ದಾಗ ನಿನ್ನನ್ನು ಯಾರೂ ಮುಟ್ಟಿರಲಿಲ್ಲ. ಎದುರಿನವನು ಒಳಕ್ಕೆ ತಿರುಗಿದ, ನೀನೂ ತಿರುಗಿದೆ. ಮೈ ತಿರುಗಿತು, ಕಾಲು ಅಲ್ಲೇ ಉಳಿಯಿತು. ಫಿಸಿಯೋ ಚೀಲ ಹಿಡಿದು ಓಡಿಬಂದ. ಬಂದವನೇ ನಿನ್ನ ಭುಜ ಹಿಡಿದ. ಬೇರೆಲ್ಲೂ ನೋಡಲೇ ಇಲ್ಲ, ನೇರ ಭುಜಕ್ಕೇ ಕೈ ಹಾಕಿದ. ಆಗ ಕ್ಯಾಮೆರಾ ನಿನ್ನ ಹತ್ತಿರ ಬಂತು. ನಿನ್ನ ಮುಖ ಪರದೆ ತುಂಬಿತು. ನೀನು ನಕ್ಕೆ.

ಆ ನಗುವನ್ನು ನಾನು ಬಲ್ಲೆ. ಅದು ನಮ್ಮ ಮನೆಯಲ್ಲಿ ಹುಟ್ಟಿದ ನಿನ್ನ ನಗುವಲ್ಲ. ನಾನು ಕಾಗದದಲ್ಲಿ ಬರೆದು ಕಳಿಸಿದ್ದು. ಕೂದಲೆಳೆಯಷ್ಟೂ ತಪ್ಪಿಲ್ಲದೆ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ನಿಮ್ಮ ಕೋಚ್ ಹೆಬ್ಬೆರಳೆತ್ತಿ ತೋರಿಸಿದ. ನೀನು ಏಳತೊಡಗಿದೆ.

ಏಳಬೇಡ ಎಂದು ಕೂಗಲು ಬಾಯಿ ತೆರೆದೆ. ಗಾಳಿ ಬಂತು. ಅಕ್ಕ ನನ್ನ ಬದಲು ಕೂಗಿದಳು, ಟೀವಿಯ ಎದುರು ಮಂಡಿಯೂರಿ ಕೂತು, "ಏಳ್ಬೇಡ ಕಣೋ, ಮಲಕ್ಕೋ, ಮಲಕ್ಕೋ" ಎಂದು. ಕೆಳಗಿನ ಮನೆಯವರು ಯಾರಿಗೇನಾಯಿತೆಂದು ಓಡಿ ಬಂದರು.

ಎರಡನೆಯ ಸಲ ಬಿದ್ದಾಗ ನೀನು ನಗಲಿಲ್ಲ.

ಬರೆ. ಏನಾದರೂ ಬರೆ.

ಅಪ್ಪ


ಮಾರ್ಚ್ ೧೭

ಮಗನೇ,

ಅಂಚೆಯವನು ನನ್ನನ್ನು ಕಂಡರೆ ಬೀದಿಯ ತುದಿಯಿಂದಲೇ ಕೈಯಾಡಿಸುತ್ತಾನೆ, ಏನೂ ಬಂದಿಲ್ಲವೆಂದು. ಹತ್ತಿರ ಬರುವವರೆಗೆ ನನ್ನನ್ನು ಕಾಯಿಸಬಾರದೆಂಬ ಕರುಣೆ ಅವನದು. ಫೋನು ಮಾಡಿದರೆ ಕೀಪರ್ ಎತ್ತುತ್ತಾನೆ. ಅವನ ಮಾತು ಅಕ್ಕನಿಗೆ ತಿಳಿಯುವುದಿಲ್ಲ, ಅಕ್ಕನದು ಅವನಿಗೆ ತಿಳಿಯುವುದಿಲ್ಲ. "ಗುಡ್, ಗುಡ್" ಎನ್ನುತ್ತಾನಂತೆ. ಆ ಗುಡ್ ಹೇಗಿತ್ತು ಎಂದು ಅಕ್ಕನಿಂದ ಎಷ್ಟು ಸಲ ಹೇಳಿಸಿದರೂ ನನಗೆ ಸಮಾಧಾನವಿಲ್ಲ.

ನಾನು ಕಲಿಸಿದ್ದನ್ನೆಲ್ಲ ವಾಪಸು ಕೊಡು. ಆಸ್ಪತ್ರೆಯಲ್ಲಿ ಯಾರಾದರೂ ನೋಯುತ್ತದೆಯೇ ಎಂದು ಕೇಳಿದರೆ ಹೌದೆನ್ನು. ಕಿರುಚು. ಪಕ್ಕದ ಮಂಚದವರು ಬೈದರೂ ಪರವಾಗಿಲ್ಲ, ಕಿರುಚು.

ಅಪ್ಪ


ಏಪ್ರಿಲ್ ೨೨

ಅಪ್ಪ,

ಬರೆಯದಿದ್ದಕ್ಕೆ ಕಾರಣವೇನಿಲ್ಲ. ಬರೆಯಲು ಕೂತರೆ ಕಾಲು ಚಾಚಲು ಜಾಗ ಬೇಕು, ಈ ಕೋಣೆಯ ಮೇಜು ಗೋಡೆಗೆ ಅಂಟಿಕೊಂಡಿದೆ. ಇವತ್ತು ಕೀಪರ್ ಎಳೆದು ನಡುವಿಗೆ ತಂದುಕೊಟ್ಟ.

ಎರಡು ಸಲ ಕೊಯ್ದರು. ಒಳಗಿನ ನಾರುಗಳು ಹರಿದಿವೆ. ನಡುವಿನ ಮೆತ್ತೆ ಎಲುಬಿಗೆ ಎಲುಬು ಉಜ್ಜಿ ಪುಡಿಯಾಗಿದೆಯಂತೆ. ಕುರ್ಚಿಯಲ್ಲಿ ಕೂರುವಷ್ಟೂ ಮಂಡಿ ಮಡಚುವುದಿಲ್ಲ. ಇನ್ನು ಓಡುವ ಮಾತಿಲ್ಲ. ಡಾಕ್ಟರು ಶಿಳ್ಳೆ ಮೇಷ್ಟ್ರ ಎದುರೇ ಮಂಡಿಯ ಸ್ಕ್ಯಾನ್ ಫೋಟೋ ಎತ್ತಿ ಹಿಡಿದು, ಇದು ಒಂದು ದಿನದಲ್ಲಿ ಆದದ್ದಲ್ಲ, ತಿಂಗಳುಗಟ್ಟಲೆ ಸವೆದದ್ದು ಎಂದರು. ಮೇಷ್ಟ್ರು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ನಿನ್ನ ನಂಬಿ ಆ ಹುಡುಗನ್ನ ಕಳಿಸಿಬಿಟ್ನಲ್ಲೋ" ಎಂದರು. ಅಷ್ಟೇ, ಎದ್ದು ಹೋದರು. ಆಮೇಲೆ ಬರಲಿಲ್ಲ. ಒಪ್ಪಂದವೂ ಇಲ್ಲ.

ಫಿಸಿಯೋ ಬಂದಿದ್ದರು. ತಂಡದವರ ಮೈ ನೋಡುವುದೇ ಅವರ ಕೆಲಸವಲ್ಲವೇ, ನಿನಗೆ ಹೇಗೆ ಕಾಣಲಿಲ್ಲ ಎಂದು ಕ್ಲಬ್ಬಿನವರು ಅವರನ್ನು ತೆಗೆದುಹಾಕಿದ್ದಾರೆ. ಮಂಚದ ಪಕ್ಕ ಕೂತರು. "ನಾನು ಕೇಳಿದ್ನಲ್ಲಾ, ಎಲ್ಲಿ ನೋವು ಅಂತ" ಎಂದರು. "ಕೇಳಿದ್ರಿ ಸರ್" ಎಂದೆ. "ಕೇಳಿದ್ದೆ ತಾನೇ?" ಎಂದು ಮತ್ತೆ ಕೇಳಿದರು. ಅವರಿಗೆ ತಮ್ಮ ಮೇಲೇ ಸಂಶಯ ಬಂದುಬಿಟ್ಟಿದೆ.

ಜೂನ್ ಹೊತ್ತಿಗೆ ಊರಿಗೆ ಬರುತ್ತೇನೆ. ಟಿಕೆಟ್ ಮಾಡಿಸಿದೆ. ನಿನ್ನ ಮೇಲೆ ಕೋಪವಿಲ್ಲ.

ಮಗ


ಮೇ ೮

ಬಾ ಮಗನೇ, ಬಾ!

ನೋಡು, ಅಕ್ಷರ ಮತ್ತೆ ದೊಡ್ಡದಾಗಿದೆ. ಮಹಡಿ ಮನೆ ಬಿಟ್ಟೆವು. ಅದೇ ಬೀದಿಯಲ್ಲಿ ನೆಲಮಟ್ಟದ ಮನೆ ಹಿಡಿದಿದ್ದೇವೆ, ಒಂದೇ ಒಂದು ಮೆಟ್ಟಿಲಿಲ್ಲ. ಅಕ್ಕ ತನ್ನ ಕತ್ತರಿಸುವ ಮೇಜನ್ನು ಅಡುಗೆಮನೆಗೆ ಸೇರಿಸಿ ಮುಂದಿನ ಕೋಣೆ ನಿನಗೆ ಖಾಲಿ ಮಾಡಿದ್ದಾಳೆ. ಈಗ ಪಾತ್ರೆಯೊಳಗೂ ದಾರ ಸಿಗುತ್ತಿದೆ! ಕಂಪನಿಯ ಯಜಮಾನರಿಗೆ ಕೈ ಮುಗಿದು ಕೇಳಿದೆ, ಟಿಕೆಟ್ ಕಿಟಕಿಯಲ್ಲಿ ನಿನಗೆ ಜಾಗ ಕೊಡುತ್ತಾರಂತೆ. ಎತ್ತರದ ಕುರ್ಚಿ, ಕಾಲು ನೇರ ಚಾಚಬಹುದು, ನಾನೇ ಕೂತು ನೋಡಿ ಬಂದೆ.

ಒಂದು ಮಾತು ಕೊಡುತ್ತೇನೆ. ನೀನು ಬಾಗಿಲಲ್ಲಿ ಬಂದಾಗ ನಾನು ನಿನ್ನ ಮುಖ ನೋಡುತ್ತೇನೆ. ಮುಖ ಮಾತ್ರ. ಕಾಲಿನ ಕಡೆ ಕಣ್ಣು ಹಾಯಿಸುವುದಿಲ್ಲ. ಎಂದಿನ ಹಾಗೆ ಬಾ.

ಕಾದಿರುವ,
ಅಪ್ಪ


ಮೇ ೨೦

ಲೋ ಅಗುಳಿ,

ಬೇಗ ಬಂದು ನನ್ನನ್ನು ಬಿಡಿಸು. ನಿನ್ನಪ್ಪ ಹೊಸ ತಾಲೀಮು ಶುರು ಮಾಡಿದ್ದಾನೆ. ಅಂಗಡಿಯಿಂದ ಬಂದವಳನ್ನು ವಾಪಸು ಬೀದಿಗೆ ಕಳಿಸಿ, ಎಡಗಾಲು ಸೆಟೆಸಿಕೊಂಡು ಒಳಗೆ ಬಾ ಎನ್ನುತ್ತಾನೆ. ನಾನು ಕುಂಟಿಕೊಂಡು ಬರಬೇಕು, ಅವನು ಎದ್ದು ಬಂದು ನನ್ನ ಮುಖವನ್ನೇ ನೋಡುತ್ತ ಎರಡೂ ಕೈ ಹಿಡಿದುಕೊಳ್ಳಬೇಕು. ಅರ್ಧ ದಾರಿಗೆ ಕಣ್ಣು ಕೆಳಗಿಳಿಯುತ್ತದೆ. ತಲೆ ಚಚ್ಚಿಕೊಂಡು "ಇನ್ನೊಮ್ಮೆ" ಎಂದು ಸ್ಲೇಟು ಎತ್ತುತ್ತಾನೆ. ನಿನ್ನೆ ಪಕ್ಕದ ಮನೆಯಾಕೆ, "ಏನಮ್ಮಾ, ನಿಂಗೂ ಕಾಲು ಹೋಯ್ತಾ?" ಎಂದು ಕೇಳಿದಳು. ನಕ್ಕೂ ನಕ್ಕೂ ಸಾಕಾಯಿತು. ಇಷ್ಟು ವರ್ಷದ ನಟನಿಗೆ ಇದೊಂದು ದೃಶ್ಯ ಬರುತ್ತಿಲ್ಲ ಕಣೋ.

ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆ. ಕರೆತರಲು ನಾನೊಬ್ಬಳೇ ಬರುತ್ತೇನೆ.

ಅಕ್ಕ


ಜೂನ್ ೧೨

ಅಪ್ಪ,

ಇದನ್ನು ಬರೆಯುತ್ತಿರುವುದು ಬೇರೆ ಪಟ್ಟಣದಿಂದ. ಕೀಪರ್‌ನ ಭಾವ ಇಲ್ಲೊಂದು ಗೋದಾಮಿನಲ್ಲಿ ಕೆಲಸ ಕೊಡಿಸಿದ್ದಾರೆ. ಪೆಟ್ಟಿಗೆಗಳ ಬಾಯಿಗೆ ಟೇಪು ಅಂಟಿಸುವುದು. ನಿಂತೇ ಮಾಡುವ ಕೆಲಸ, ಮಂಡಿ ಮಡಚಬೇಕಿಲ್ಲ. ನಾನು ಏನಾಗಿದ್ದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ.

ಅಕ್ಕ ತಮಾಷೆಯಾಗಿ ಬರೆದಿದ್ದಳು. ಓದಿ ನಾನೂ ನಕ್ಕೆ. ಆಮೇಲೆ ಹೋಗಿ ಟಿಕೆಟ್ ರದ್ದು ಮಾಡಿಸಿದೆ. ಅವಳಿಗೆ ಹಾಗೆಂದು ಹೇಳಬೇಡ, ರಜೆ ಸಿಗಲಿಲ್ಲ ಎಂದು ಹೇಳು.

ಕೋಪದಿಂದ ಅಲ್ಲ. ನಾನು ಬಂದರೆ ನೀನು ನೋಡದವನಂತೆ ಇರುತ್ತೀಯ. ನಾನು ನೋಯದವನಂತೆ ಇರುತ್ತೇನೆ. ಅಕ್ಕ ಇಬ್ಬರನ್ನೂ ನಂಬಿದವಳಂತೆ ಇರಬೇಕಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವುದರಿಂದ ಶುರುವಾಗಿ ದಿನವಿಡೀ. ನನ್ನಲ್ಲಿ ಇನ್ನು ಅಷ್ಟು ಶಕ್ತಿ ಉಳಿದಿಲ್ಲ ಅಪ್ಪ. ನಿನ್ನಲ್ಲೂ ಇಲ್ಲ.

ಮುಂದಿನ ಕೋಣೆಗೆ ಅಕ್ಕನ ಮೇಜನ್ನು ಮತ್ತೆ ತಂದಿಡಿ. ನನಗಾಗಿ ಕಾಯಬೇಡ. ಇಲ್ಲಿ ಸಂಜೆ ಕೆಲಸ ಬಿಟ್ಟಾಗ ಬೀದಿ ತುಂಬ ಜನ ಇರುತ್ತಾರೆ, ಎಲ್ಲರಿಗೂ ಮನೆ ಸೇರುವ ಆತುರ, ಒಬ್ಬರೂ ನನ್ನ ಕಡೆ ನೋಡುವುದಿಲ್ಲ. ಅವರ ನಡುವೆ ಹಾಯಾಗಿ ಕುಂಟಿಕೊಂಡು ಹೋಗುತ್ತೇನೆ.

ನಿನ್ನ ಮಗ